ಗ್ರಾಮದೊಳಗಿನ ರಾಮ

ನಾನು ಬರೆದ ನೀಳ್ಗತೆಯೊಂದರಲ್ಲಿ ಜಿಪುಣಾಗ್ರೇಸರನಾದ ನಾಯಕನಿಗೆ ರಾಮನೆಂದು ನಾಮಕರಣ ಮಾಡಿ, ನಮ್ಮ ಮನೆಯ ಮಾಲೀಕರ ಹೆಸರೂ ಅದೇ ಎಂಬುದನ್ನು ಮರೆತಿದ್ದೆನಾಗಿ, ಬಾಡಿಗೆಯ ಕರಾರು ನವೀಕರಿಸಬೇಕಾದ ತಿಂಗಳಲ್ಲಿ ಇಂಥ ಸಾಹಿತ್ಯಸೇವೆ ಸಲ್ಲದೆಂದು ಮನೆಯಾಕೆ ಎಚ್ಚರಿಸಿದಳು. ನೂರಾರು ಕಡೆ ಬಂದ ಹೆಸರನ್ನು ತಿದ್ದುವ ಬಗೆ ಕಾಣದೆ ಕುಳಿತಿದ್ದವನಿಗೆ ಅಕ್ಕನ ಮಗ, “ಸೆಡ್ ಇದೆಯಲ್ಲ ಮಾವ, ಒಂದೇ ಸಾಲು ಸಾಕು” ಎಂದ.

ಮೈಸೂರು ರಾಜ್ಯವು 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರನ್ನು ತಳೆಯಿತಷ್ಟೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲೀ ಮೆಕ್‌ಮೇಹನ್ ಎಂಬಾತನು ರಚಿಸಿದ ಈ ಸೆಡ್ ಎಂಬ ಗಣಕ ತಂತ್ರಾಂಶವು, ಕಡತವನ್ನು ಸಾಲುಸಾಲಾಗಿ ಓದುತ್ತ, ಹೇಳಿದ್ದನ್ನು ಹೇಳಿದಂತೆಯೇ ನೆರವೇರಿಸುವ ಸೇವಕ. ‘ಎಸ್/ರಾಮ/ಭೀಮ/’ ಎಂದು ಬರೆದು, ಮೂಲಪ್ರತಿಯಲ್ಲಿಯೇ ತಿದ್ದೆಂಬ ಅರ್ಥದ ‘-ಐ’ಯನ್ನೂ ಸೇರಿಸಿ, ಇಷ್ಟದೈವವನ್ನು ನೆನೆದು ಎಂಟರ್ ಒತ್ತಿದೆನು. ಕೊನೆಯಲ್ಲಿ ‘ಜಿ’ ಇಲ್ಲದಿದ್ದರೆ ಸಾಲಿಗೊಂದೇ ಬದಲಾವಣೆಯೆಂಬುದು ಶಾಸ್ತ್ರ. ನನ್ನ ಕಡತದಲ್ಲಿ ಒಂದೊಂದು ಪ್ಯಾರಾವೂ ಒಂದೊಂದು ಸಾಲಾದ್ದರಿಂದ, ಪ್ಯಾರಾದ ಮೊದಲಲ್ಲಿ ಭೀಮನಾಗಿ ಎದ್ದವನು ಕೊನೆಯಲ್ಲಿ ರಾಮನಾಗಿ ಮಲಗಿದನು.

‘ಜಿ’ ಸೇರಿಸಿದೆ. ಆರಾಮಕುರ್ಚಿ ಆಭೀಮಕುರ್ಚಿಯಾಯಿತು, ವಿರಾಮ ವಿಭೀಮವಾಯಿತು, ಪರಾಮರ್ಶೆಯು ಪಭೀಮರ್ಶೆಯಾಗಿ ತನ್ನ ಗಾಂಭೀರ್ಯವನ್ನು ಇಮ್ಮಡಿಸಿಕೊಂಡಿತು. ಇವನ್ನಾದರೂ ಸಹಿಸಬಹುದಿತ್ತು, ಗ್ರಾಮ ಪಂಚಾಯಿತಿಯು ‘ಗ್ಭೀಮ ಪಂಚಾಯಿತಿ’ಯಾಗಿ ಕುಳಿತದ್ದನ್ನು ಕಂಡು ಕನ್ನಡಕ ತೆಗೆದು ಒರೆಸಿಕೊಂಡೆ. ನಮ್ಮ ಕಣ್ಣಿಗೆ ಗಕಾರದ ಅಡಿಯಲ್ಲಿ ಒತ್ತಾಗಿ ಮುದುಡಿಕೊಂಡಿರುವ ರಕಾರವು, ಗಣಕದ ಲೆಕ್ಕದಲ್ಲಿ, ಮೊದಲು ಗಕಾರ, ಆಮೇಲೆ ಹಲಂತಚಿಹ್ನೆ, ಅದರ ಹಿಂದೆ ತಾನು, ತನ್ನ ಹಿಂದೆ ದೀರ್ಘ, ಕಡೆಗೆ ಮಕಾರ, ಹೀಗೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಂತೆ ಪೂರ್ಣಾಕಾರದಲ್ಲಿ ನಿಂತಿರುವುದರಿಂದ, ಸೆಡ್ ಮಹಾಶಯನಿಗೆ ಗ್ರಾಮಗ್ರಾಮದಲ್ಲಿಯೂ ರಾಮದರ್ಶನವಾಗಿತ್ತು! ಅಂಥ ಭಕ್ತಿ ನನಗೆಲ್ಲಿಂದ ಬರಬೇಕು?

ಗಾಬರಿಯಲ್ಲಿ, ಭೀಮನೆಲ್ಲ ಮತ್ತೆ ರಾಮನಾಗಲೆಂದು ಆಜ್ಞಾಪಿಸಿದೆ. ಗ್ರಾಮವು ಗ್ರಾಮವಾಯಿತು, ಕುರ್ಚಿಗೂ ಆರಾಮ ಮರಳಿತು. ಆದರೆ ಕತೆಯಲ್ಲಿ ಮೊದಲೇ ಇದ್ದ ಭೀಮಾ ನದಿ ರಾಮಾ ನದಿಯಾಗಿ ಹರಿಯಿತು, ನಾಯಕನ ಹೆಂಡತಿಯು ಪಾಪ, ‘ರಾಮನ ಅಮಾವಾಸ್ಯೆ’ಯಂದು ಗಂಡನ ಪಾದಪೂಜೆ ಮಾಡಿದಳು.

“‘-ಐ’ ಪಕ್ಕದಲ್ಲಿ ‘.ಬ್ಯಾಕ್’ ಅಂತ ಬರೆದಿದ್ದರೆ ಹಳೆಯ ಪ್ರತಿ ಹಾಗೆಯೇ ಉಳಿದಿರುತ್ತಿತ್ತಲ್ಲ ಮಾವ” ಎಂದು ಅಳಿಯ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ನುಡಿದ.

ನದಿಯನ್ನೂ ಅಮಾವಾಸ್ಯೆಯನ್ನೂ ಕೈಯಲ್ಲೇ ತಿದ್ದಿದೆ. ಕತೆ ರಾಮನ ಹೆಸರಿನಲ್ಲಿಯೇ ಅಚ್ಚಾಯಿತು. ಬಾಡಿಗೆ 500 ರೂಪಾಯಿ ಏರಿತು.