ವೆಬ್‌ಸೈಟಿನ ಉತಾರ: ಒಂದು ಶಾಸನಶಾಸ್ತ್ರೀಯ ವಿವೇಚನೆ

ಶಾಲೆಯ ವೆಬ್‌ಸೈಟು ಶಾಸನ ಪರಂಪರೆಯ ಕೊನೆಯ ಕುಡಿ ಎಂಬುದು ಈ ಪ್ರಬಂಧದ ಪ್ರತಿಪಾದನೆ. ಆಧಾರ ಬೇಕಾದವರು ಸವದತ್ತಿಗೆ ಹೋಗಬೇಕು. ಕ್ರಿ.ಶ. 980ರಲ್ಲಿ ರಟ್ಟರ ಶಾಂತಿವರ್ಮ ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿ ಬಿಟ್ಟು ಕಲ್ಲಿನಲ್ಲಿ ಬರೆಸಿದ. ಇಂಥ ಶಾಸನಗಳಲ್ಲಿ ಮೊದಲು ದೇವರ ಸ್ತುತಿ, ಆಮೇಲೆ ಅರಸನ ಬಿರುದು, ಅವನ ಹಿರಿಯರ ಬಿರುದು; ಕೊಟ್ಟಿದ್ದೇನು ಎಂಬುದು ಬರುವಷ್ಟರಲ್ಲಿ ಓದುಗ ಬಸವಳಿದಿರುತ್ತಾನೆ. ಶಾಲಾ ವೆಬ್‌ಸೈಟಿನ ವಿನ್ಯಾಸವೂ ಅಕ್ಷರಶಃ ಇದೇ.

ನಾಲ್ಕು ತಾಲ್ಲೂಕುಗಳಲ್ಲಿ, ಬಸ್ಸಿಲ್ಲದ ಕಡೆ ಟಂಟಂ ಹಿಡಿದು, ನಡೆಸಿದ ಕ್ಷೇತ್ರಕಾರ್ಯದ ಫಲ ಹೀಗಿದೆ. ಮುಖಪುಟಕ್ಕೆ ಕಿತ್ತೂರಿನವರು ಕುದುರೆ ಏರಿದ ಚೆನ್ನಮ್ಮನನ್ನು ಆರಿಸುತ್ತಾರೆ, ಬೈಲಹೊಂಗಲದವರು ಆಕೆಯ ಸಮಾಧಿಯನ್ನು, ಸವದತ್ತಿಯವರು ಎಲ್ಲಮ್ಮನ ಗುಡ್ಡವನ್ನು, ರಾಮದುರ್ಗದವರು ಗೊಡಚಿಯ ವೀರಭದ್ರನನ್ನು. ಶಾಲೆಯ ಚಿತ್ರ ಯಾರಿಗೂ ಹೊಳೆಯುವುದಿಲ್ಲ.

ಮಲಪ್ರಭೆಯ ದಂಡೆಯ ಒಂದು ಶಾಲೆಯ ಸಭೆಗೆ ನಾನೇ ಸಾಕ್ಷಿ. ಯಾರ ಫೋಟೊ ಮೇಲೆ, ಯಾರದು ಕೆಳಗೆ ಎಂದು ಠರಾವು ಮಾಡುವುದರಲ್ಲೇ ಮೂರು ಸಭೆ ಮುಗಿದಿದ್ದವು. ನಾಲ್ಕನೆಯದರಲ್ಲಿ, ಅಷ್ಟು ಹೊತ್ತೂ ಎಲೆ ಅಡಿಕೆ ಮೆಲ್ಲುತ್ತಿದ್ದ ಹಿರಿಯ ಸದಸ್ಯರೊಬ್ಬರು ಬಾಯಿ ಬಿಟ್ಟರು.

"ಸರ, ಸೈಟ್ ಎಷ್ಟು ಗುಂಟೆ ಐತ್ರಿ?"

ಸಭೆ ಬಿದ್ದು ಬಿದ್ದು ನಕ್ಕಿತು. "ಕಾಕಾ, ಅದು ಇಂಟರ್ನೆಟ್ಟಿನ್ಯಾಗ ಇರತೈತ್ರಿ," ಎಂದರು ಹೆಡ್‌ಮಾಸ್ತರರು.

"ಎಲ್ಲೆರ ಇರಲಿ. ಉತಾರ ಯಾರ ಹೆಸರಿಲೆ ತಗೀತೀರಿ?"

ಈ ಪ್ರಶ್ನೆ ಠರಾವು ಪುಸ್ತಕದಲ್ಲಿ ದಾಖಲಾಗಿಲ್ಲ. ಸಂಶೋಧಕರಿಗೆ ಇದು ತುಂಬಲಾರದ ನಷ್ಟ.

ಇನ್ನು ಪಾಠಾಂತರದ ಸಮಸ್ಯೆ. ಶಾಲೆಯ ಇತಿಹಾಸವನ್ನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡವನ್ನು ಬಾಡಿಗೆಗೆ ಇಡುತ್ತಿದ್ದವು. ಯೂನಿಕೋಡು 1991ರಲ್ಲೇ ಕನ್ನಡಕ್ಕೆಂದು 128 ಸ್ವಂತ ಮನೆ ಮಂಜೂರು ಮಾಡಿದ್ದರೂ ನಮ್ಮವರು ಹೊಸ ಮನೆಗೆ ಹೋಗುವ ಮುಹೂರ್ತ ನೋಡುತ್ತಲೇ ಇದ್ದರು. ಹೀಗಾಗಿ ಸೈಟಿನಲ್ಲಿ ಸಂಸ್ಥಾಪಕರ ಹೆಸರು ಎರಡು ಗೆರೆ, ಒಂದು ಟೊಪ್ಪಿಗೆ, ಮೂರು ಚುಕ್ಕಿಯಾಗಿ ಮೂಡಿತು. ಸವದತ್ತಿಯ ರಟ್ಟ ಶಾಸನಗಳನ್ನು ಓದಿ ಪ್ರಕಟಿಸಿದ ಫ್ಲೀಟ್ ಸಾಹೇಬರು ಇದ್ದಿದ್ದರೂ ಕೈ ಮುಗಿದು ಎದ್ದು ಹೋಗುತ್ತಿದ್ದರು. ಪ್ರವೇಶ ಯಾವಾಗ, ಯಾವ ಕಾಗದ ತರಬೇಕು, ಬಸ್ಸು ಎಷ್ಟಕ್ಕೆ ಎಂಬ ಕ್ಷುಲ್ಲಕ ವಿಷಯಗಳಿಗೆ ಜಾಗ ಉಳಿದಿರಲಿಲ್ಲ. ಅವು ಕಾಂಪೌಂಡಿನ ಗೋಡೆಯ ಮೇಲೆ ಸುಣ್ಣದಲ್ಲಿದ್ದವು.

ಶಾಸನಕ್ಕೂ ಸೈಟಿಗೂ ಒಂದೇ ವ್ಯತ್ಯಾಸ. ಧರ್ಮ ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ತಟ್ಟಲಿ ಎಂದು ಶಾಸನದ ಕಡೆಯಲ್ಲಿ ಶಾಪ ಇರುತ್ತದೆ. ಸೈಟಿಗೆ ಇರುವುದು ಪಾಸ್‌ವರ್ಡು ಮಾತ್ರ. ಅದೂ ಸೈಟು ಮಾಡಿಕೊಟ್ಟ ಹುಡುಗನ ಮೊಬೈಲಿನಲ್ಲಿತ್ತು. ವಿಳಾಸವನ್ನೂ ಅವನು ತನ್ನ ಹೆಸರಿನಲ್ಲೇ ನೋಂದಾಯಿಸಿದ್ದ. ಹುಡುಗ ಬೆಂಗಳೂರಿಗೆ ಹೋದ, ನಂಬರು ಬದಲಾಯಿಸಿದ, ವರ್ಷದ ಬಾಡಿಗೆ ಕಟ್ಟುವವರಿಲ್ಲದಾಯಿತು.

ಮರುವರ್ಷ ಹೆಡ್‌ಮಾಸ್ತರರು ಸಭೆಯಲ್ಲಿ ಸೈಟು ತೆರೆದು ತೋರಿಸಲು ಹೋದರೆ, ಅದೇ ವಿಳಾಸದಲ್ಲಿ ಯಾರೋ ಕೂದಲು ಬೆಳೆಯುವ ಎಣ್ಣೆ ಮಾರುತ್ತಿದ್ದರು. ಎಲ್ಲರೂ ಸುಮ್ಮನಾದರು. ಕಾಕಾ ಕಿಟಕಿಯಾಚೆ ಎಲೆಯ ರಸ ಉಗುಳಿ ಬಂದು ಕೂತರು.

"ಒತ್ತುವರಿ ಆಗೇತ್ರಿ ಸರ. ಮೋಜಣಿಯವರ್ನ ಕರಸ್ರಿ."