ಆ ‘ಉಸಿರು’ ಕೇಳಿಸಲಿ: ಗಂಗಾವತಿಯ ತಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ,

ನೀವು ಕಳಿಸಿದ ಹಾಡನ್ನು ನಿನ್ನೆ ರಾತ್ರಿ ಏಳು ಸಲ ಕೇಳಿದೆ. ಎರಡು ನಿಮಿಷ ತುಂಬದ ಹಾಡು. ಮೂರೇ ಕಾರ್ಡ್, ಒಂದು ಹಲಗೆ, ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ದೂಳಿನ ಮೇಲಿನ ಸಿಟ್ಟು. ಕೊಪ್ಪಳ ಸೀಮೆಯಲ್ಲಿ ಪಂಕ್ ಹುಟ್ಟುವುದಿದ್ದರೆ ಹೀಗೇ ಹುಟ್ಟಬೇಕು. ಆದರೆ ಪಲ್ಲವಿಯಲ್ಲಿ ನಾಲ್ಕು ಸಲ ಬರುವ ‘ಉಸಿರು’ ನನಗೆ ಒಂದು ಸಲವೂ ಕೇಳಿಸಲಿಲ್ಲ. ನೀವು ಬರೆದು ಕಳಿಸಿದ ಸಾಲುಗಳನ್ನು ಓದಿದ ಮೇಲೆಯೇ ಅಲ್ಲೊಂದು ಮಾತಿದೆ ಅಂತ ಗೊತ್ತಾಯಿತು. ಕುಷ್ಟಗಿಯಿಂದ, ಯಲಬುರ್ಗಾದಿಂದ ಬರುವ ಹಾಡುಗಳಲ್ಲೂ ತೊಡಕು ಇದೇ. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

2025ರ ಫೆಬ್ರವರಿ 24ರಂದು ಕಾರ್ಖಾನೆಗಳ ವಿರುದ್ಧ ಕೊಪ್ಪಳ ಬಂದ್ ಆಗಿ, ಗವಿಮಠದ ಸ್ವಾಮೀಜಿಯವರ ಜೊತೆ ಊರಿಗೆ ಊರೇ ಬೀದಿಗಿಳಿದದ್ದು ಆ ಒಂದು ಉಸಿರಿಗಾಗಿ. ನಿಮ್ಮ ಹಾಡಿನಲ್ಲಿ ಆ ಉಸಿರೇ ಗಿಟಾರಿನ ಕೆಳಗೆ ಸಿಕ್ಕಿಕೊಂಡಿದೆ.

“ಅಕ್ಕಾ, ಗದ್ದಲ ಇದ್ರೇನೇ ಪಂಕ್, ಮಾತು ತಿಳೀದಿದ್ರೂ ನಡೀತದ” ಅಂದಿರಿ. ನಾನು ಒಪ್ಪುವುದಿಲ್ಲ. 1976ರಲ್ಲಿ ರಮೋನ್ಸ್ ಎಂಬ ಪಂಕ್ ತಂಡದವರು ತಮ್ಮ ಮೊದಲ ಆಲ್ಬಮ್ಮನ್ನು ಸುಮಾರು 6,400 ಡಾಲರಿನಲ್ಲಿ ಮುಗಿಸಿದರು. 14 ಹಾಡು, ಅರ್ಧ ಗಂಟೆಯೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳಿ: ಬೇಸ್ ಒಂದು ಕಿವಿಗೆ, ಗಿಟಾರ್ ಇನ್ನೊಂದು ಕಿವಿಗೆ, ನಡುವಿನ ಜಾಗ ಹಾಡುವವನಿಗೆ ಮತ್ತು ಡ್ರಮ್ಮಿಗೆ. 1981ರಲ್ಲಿ ಇನ್ನೊಂದು ಪಂಕ್ ತಂಡ ಮೈನರ್ ಥ್ರೆಟ್‌ನವರು ಧ್ವನಿಮುದ್ರಿಸಿದ ಇನ್ನರ್ ಇಯರ್ ಸ್ಟುಡಿಯೊ ಅಮೆರಿಕದ ಆರ್ಲಿಂಗ್ಟನ್ನಿನಲ್ಲಿ ಡಾನ್ ಜಿಯೆಂಟಾರಾ ಎಂಬವರ ಮನೆಯ ನೆಲಮಾಳಿಗೆಯಾಗಿತ್ತು. ನಿಮ್ಮ ಕೋಣೆಯಂಥದ್ದೇ. ದುಡ್ಡು ಕಡಿಮೆ ಇತ್ತು, ಆದರೆ ಯಾವ ದನಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅವರು ಯೋಚಿಸಿದ್ದರು.

ನಿಮ್ಮ ಮಿಕ್ಸಿನಲ್ಲಿ ಆದದ್ದಿಷ್ಟು. ಡಿಸ್ಟಾರ್ಷನ್ ಹಾಕಿದ ಗಿಟಾರ್ 2ರಿಂದ 4 ಕಿಲೋಹರ್ಟ್ಜ್ ನಡುವೆ ಮೈಚಾಚಿ ಕೂತಿದೆ. ವ್ಯಂಜನಗಳು ಸ್ಪಷ್ಟವಾಗುವ ಜಾಗವೂ ಅದೇ. ‘ಸಿ’ಯ ಸೀಳುದನಿ ಇನ್ನೂ ಮೇಲೆ, 5ರಿಂದ 8ರ ಆಸುಪಾಸು. ಅಲ್ಲಿ ಸಿಂಬಲ್ ಚೆಲ್ಲಾಡಿದೆ. ಉಳಿದದ್ದು ‘ಉ…ಉ’ ಅಷ್ಟೇ. ದನಿಯನ್ನು ಇನ್ನಷ್ಟು ಏರಿಸಬೇಡಿ. ಒಂದೇ ಗಿಟಾರಿನ ಟ್ರ್ಯಾಕನ್ನು ಕಾಪಿ ಮಾಡಿ ಎರಡು ಕಡೆ ಇಡುವ ಬದಲು ಎರಡು ಸಲ ಬೇರೆ ಬೇರೆ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಸರಿಸಿ. 3 ಕಿಲೋಹರ್ಟ್ಜ್ ಹತ್ತಿರ ಎರಡೂ ಗಿಟಾರಿನಿಂದ ಮೂರು ಡೆಸಿಬಲ್ ಇಳಿಸಿ, ಸಿಂಬಲ್ ಅರ್ಧಕ್ಕರ್ಧ ತಗ್ಗಿಸಿ. ಸಿಟ್ಟು ಎಲ್ಲೂ ಹೋಗುವುದಿಲ್ಲ.

ಇದನ್ನು ನಾನು ಕಲಿತದ್ದು ಸಾಫ್ಟ್‌ವೇರಿನಿಂದಲ್ಲ, ನಮ್ಮೂರ ಭಜನೆಯಿಂದ. ಮುಂದಿನವರು ತತ್ವಪದದ ಸೊಲ್ಲು ಎತ್ತಿದಾಗ ತಾಳ ಹಿಡಿದವರು ಕೈ ಸಡಿಲ ಬಿಡುತ್ತಿದ್ದರು. ಹಿಮ್ಮೇಳ ಕೂಡಿಕೊಂಡಾಗ ಮತ್ತೆ ಬಿಗಿ. ಯಾರೂ ಸನ್ನೆ ಮಾಡುತ್ತಿರಲಿಲ್ಲ. ಮಾತು ಬಂದಾಗ ವಾದ್ಯ ತಗ್ಗಬೇಕು ಅನ್ನುವುದು ಕೈಗೇ ಗೊತ್ತಿತ್ತು. ನೀವು ಕಂಪ್ಯೂಟರಿನಲ್ಲಿ ಆಟೊಮೇಷನ್ ಗೆರೆ ಎಳೆದು ಮಾಡಬೇಕಾದ್ದೂ ಅಷ್ಟೇ.

ಕೋಣೆಯ ವಿಷಯ. ಗೋಡೆಗೆ ಅಮ್ಮನ ಕೌದಿ ಕಟ್ಟಿದ್ದೀರಿ, ಫೋಟೊದಲ್ಲಿ ಕಂಡು ಕಣ್ಣು ತುಂಬಿತು. ಕೌದಿ ತೀಕ್ಷ್ಣವಾದ ಮೇಲ್ದನಿಯನ್ನು ಹೀರುತ್ತದೆ, ಬೇಸ್ ಅದಕ್ಕೆ ಸಿಗುವುದಿಲ್ಲ. ಬೇಸ್ ಮೂಲೆಗಳಲ್ಲಿ ಗುಡ್ಡೆ ಬೀಳುತ್ತದೆ. ನಾನೂ ಕುಷ್ಟಗಿಯ ಮನೆಯಲ್ಲಿ ವರ್ಷಗಟ್ಟಲೆ ಮೋಸ ಹೋದೆ: ಕೋಣೆಯಲ್ಲಿ ಬೇಸ್ ಹೆಚ್ಚಾಗಿ ಕೇಳಿಸುತ್ತಿತ್ತು, ಇಳಿಸುತ್ತಿದ್ದೆ, ಹೊರಗೆ ಕೇಳಿದರೆ ಹಾಡು ಬಡಕಲು. ಮೂಲೆಗಳಲ್ಲಿ ಅರಳೆ ಗಾದಿ ಸುತ್ತಿ ನಿಲ್ಲಿಸಿ, ಸಣ್ಣ ದನಿಯಲ್ಲಿ ಮಿಕ್ಸ್ ಮಾಡಿ. ಫೋನಿನ ಸ್ಪೀಕರಿನಲ್ಲಿ ತೀರ ಕೆಳಗಿನ ಬೇಸ್ ಬರುವುದೇ ಇಲ್ಲ. ಅದಕ್ಕೂ ಸ್ವಲ್ಪ ಡಿಸ್ಟಾರ್ಷನ್ ಕೊಟ್ಟರೆ ಅದರ ಮೇಲಿನ ಸ್ವರಗಳಾದರೂ ಕೇಳುತ್ತವೆ. ಜನ ನಿಮ್ಮನ್ನು ಕೇಳುವುದು ಫೋನಿನಲ್ಲೇ.

ಇನ್ನೊಂದು. ಜೋರಾಗಲಿ ಅಂತ ಲಿಮಿಟರಿನಲ್ಲಿ ಹಾಡನ್ನು ಹಿಂಡಿಬಿಟ್ಟಿದ್ದೀರಿ. ಜೋರಾದ ಹಾಡನ್ನು ಯೂಟ್ಯೂಬ್ ತಾನೇ ಜೋರಿನ ಅಳತೆಯಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಇಳಿಸುತ್ತದೆ. ಜೋರೂ ಉಳಿಯಲಿಲ್ಲ, ಹಲಗೆಯ ಪೆಟ್ಟೂ ಸತ್ತಿತು. ಬೆಂಕಿಗೆ ಕಾಸಿ ಬಿಗಿ ಮಾಡಿದ ಹಲಗೆ ಅದು, ಆ ಪೆಟ್ಟು ನನಗೆ ಬೇಕು.

ದನಿ ಮಾತ್ರ ಮುಟ್ಟಬೇಡಿ. ಎರಡನೇ ನುಡಿಯಲ್ಲಿ ಗಂಟಲು ಒಡೆದದ್ದನ್ನು ಪಿಚ್ ತಿದ್ದಿ ನುಣುಪು ಮಾಡಬೇಡಿ. ‘ಬರಂಗಿಲ್ಲ’ವನ್ನು ‘ಬರುವುದಿಲ್ಲ’ ಮಾಡಬೇಡಿ.

ಮುಂದಿನ ಮಿಕ್ಸನ್ನು ಮೊದಲು ನನಗಲ್ಲ, ಗಿಣಿಗೇರಿಯಲ್ಲಿ ಯಾರಿಗಾದರೂ ಫೋನಿನಲ್ಲೇ ಕೇಳಿಸಿ. ಸಾಲುಗಳ ಹಾಳೆ ಕೊಡಬೇಡಿ. ಯಾವ ಮಾತು ತಿಳಿಯಲಿಲ್ಲ ಅಂತ ಕೇಳಿ, ಬರೆದುಕೊಳ್ಳಿ. ಆ ಚೀಟಿಯನ್ನು ಹಾಡಿನ ಜೊತೆಗೆ ನನಗೆ ಕಳಿಸಿ.

ಇಂತಿ,
ನಿಮ್ಮ ಅಕ್ಕ