64 ಬೈಟಿನ ಪಾಲುಪಾರಿಖತ್ತು

ಪೀಣ್ಯ ಎರಡನೇ ಹಂತದಲ್ಲಿ ಎರಡು ಲೇತು, ಒಂದು ಹಳೇ ಸಿಎನ್‌ಸಿ ಮೆಷಿನ್ನು ಇಟ್ಟುಕೊಂಡ ಸಣ್ಣ ವರ್ಕ್‌ಶಾಪು. ಮೂಲೆಯ ಟೇಬಲ್ ಕೆಳಗೆ ಎಣ್ಣೆಜಿಡ್ಡು ಹಿಡಿದ ಸಿಪಿಯು. ಅದರೊಳಗಿದ್ದಾರೆ ನಮ್ಮ ಅತಿಥಿ: 500 ಜಿಬಿಯ, ಮೂರೂವರೆ ಇಂಚಿನ, ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡಿಸ್ಕ್. ಮೈಯೊಳಗೆ ಮೂರು ಆಪರೇಟಿಂಗ್ ಸಿಸ್ಟಮ್‌ಗಳ ಸಂಸಾರ, ಜೊತೆಗೊಂದು ಫೋಟೋ ಉಗ್ರಾಣ. ಮಾಲೀಕರು ಊಟಕ್ಕೆ ಎದ್ದಿದ್ದರು, ಕಂಪ್ಯೂಟರ್ ಆಫ್ ಮಾಡುವುದನ್ನು ಮರೆತಿದ್ದರು. ನಡುನಡುವಿನ ಕಟಕಟ ಸದ್ದನ್ನು ಬಿಟ್ಟು ಉಳಿದ ಮಾತನ್ನು ಇದ್ದ ಹಾಗೇ ಕೊಟ್ಟಿದ್ದೇವೆ.

ಪ್ರಶ್ನೆ: ನಮಸ್ಕಾರ. ತಮ್ಮ ಊರು?

ಹಾರ್ಡಿಸ್ಕ್: ಹುಟ್ಟಿದ್ದು ಥಾಯ್ಲೆಂಡು ಸಾರ್, 2010. ಮಾರನೇ ವರ್ಷ ಅಲ್ಲಿ ದೊಡ್ಡ ನೆರೆ ಬಂದು ನಮ್ಮವರ ಕಾರ್ಖಾನೆಗಳು ಮುಳುಗಿದವು, ಜಗತ್ತಿಡೀ ಹಾರ್ಡಿಸ್ಕ್ ರೇಟು ಏರಿತು. ನಾನು ಅಷ್ಟರಲ್ಲಿ ಎಸ್.ಪಿ. ರೋಡಿನ ಅಂಗಡಿ ಸೇರಿಬಿಟ್ಟಿದ್ದೆ. ನೆರೆ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದೆ ಅಂದರೆ ಯಾರೂ ನಂಬಲ್ಲ, ಬಿಡಿ.

ಪ್ರಶ್ನೆ: ಮೈಮೇಲೆ 500 ಜಿಬಿ ಅಂತ ಬರೆದಿದೆ. ಕಂಪ್ಯೂಟರ್ ಮಾತ್ರ 465 ಅನ್ನುತ್ತೆ. ಉಳಿದದ್ದು ಯಾರ ಹೊಟ್ಟೆಗೆ?

ಹಾರ್ಡಿಸ್ಕ್: ಯಾರೂ ನುಂಗಿಲ್ಲ. ಕಂಪನಿಯವರು ಎಣಿಸೋದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸೋದು 1024ರ ಲೆಕ್ಕದಲ್ಲಿ. ನೀವು ಲೇಔಟ್‌ನಲ್ಲಿ 30-40 ಸೈಟು ತಗೊಂಡು ಟೇಪ್ ಹಿಡಿದರೆ ಮೂಲೆಯಲ್ಲಿ ಎರಡಡಿ ಮಾಯ ಆಗಿರುತ್ತಲ್ಲ, ಆ ಲೆಕ್ಕ ಬೇರೆ. ಅದಕ್ಕೆ ನನ್ನ ಹತ್ರ ಸೂತ್ರ ಇಲ್ಲ.

ಪ್ರಶ್ನೆ: ನಿಮ್ಮನ್ನು ಮೊದಲು ಪಾಲು ಮಾಡಿದವರು ಯಾರು?

ಹಾರ್ಡಿಸ್ಕ್: ವೈಟ್‌ಫೀಲ್ಡ್ ಕಡೆ, ಕುಂದಲಹಳ್ಳಿಯಲ್ಲಿ ಬಾಡಿಗೆಗಿದ್ದ ಒಬ್ಬ ಸಾಫ್ಟ್‌ವೇರ್ ಹುಡುಗ. ವಿಂಡೋಸ್ 7 ಹಾಕಿದ. ಆಫೀಸಿನಲ್ಲಿ ಯಾರೋ ಕಿವಿ ಊದಿದರು, 'ಲಿನಕ್ಸ್ ಬರದವನು ಎಂಥ ಎಂಜಿನಿಯರ್ರು' ಅಂತ. ಅದೇ ವಾರಾಂತ್ಯ ಉಬುಂಟು 10.04 ಸಿಡಿ ಸುಟ್ಟುಕೊಂಡು ಬಂದ. ಸರಿ ಅರ್ಧಕ್ಕೆ ಗೆರೆ ಎಳೆದ. ಡೆಸ್ಕ್‌ಟಾಪ್ ಬಣ್ಣ ಬದಲಾಯಿಸಿದ, ಟರ್ಮಿನಲ್ ತೆಗೆದು ಗೆಳೆಯರಿಗೆ ತೋರಿಸಿದ, ಮುಚ್ಚಿದ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಕೊಡಲೂ ಇಲ್ಲ, ಕಟ್ಟಲೂ ಇಲ್ಲ. ಕಾಂಪೌಂಡ್ ಕಟ್ಟಿ 'ಈ ಸ್ವತ್ತು ಮಾರಾಟಕ್ಕಿಲ್ಲ' ಅಂತ ಬೋರ್ಡು ಬರೆಸಿರ್ತಾರಲ್ಲ, ಹಾಗೆ ನನ್ನ ಅರ್ಧ ಮೈ ವರ್ಷಗಟ್ಟಲೆ ಖಾಲಿ ಬಿತ್ತು. ವಿಂಡೋಸ್ ಕಡೆ ಸಿನಿಮಾ ತುಂಬಿ ಜಾಗ ಸಾಲದೆ ಅವನು ಪೆನ್‌ಡ್ರೈವ್ ಹುಡುಕ್ತಿದ್ದ.

ಪ್ರಶ್ನೆ: ಹಾಗೆ ಕೊಯ್ದಾಗ ನೋವಾಗಲಿಲ್ಲವೇ?

ಹಾರ್ಡಿಸ್ಕ್: ಕೊಯ್ದರು ಅಂತ ಯಾರು ಹೇಳಿದ್ದು ನಿಮಗೆ? ಎಲ್ಲರೂ ಇಲ್ಲೇ ತಪ್ಪು ತಿಳಿಯೋದು. ನನ್ನ ಮೊಟ್ಟಮೊದಲ ಸೆಕ್ಟರು 512 ಬೈಟು. ಅದರಲ್ಲಿ 446 ಬೈಟು ಬೂಟ್ ಮಾಡೋ ಕೋಡು, ಕೊನೆಯ ಎರಡು ಬೈಟು ಸಹಿ. ನಡುವೆ ಇರೋ 64 ಬೈಟೇ ನಮ್ಮ ಪಾಲುಪಾರಿಖತ್ತು. ಪಾಲಿಗೆ 16 ಬೈಟಿನಂತೆ ನಾಲ್ಕು ಸಾಲು. ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಜಾತಿ. ಹೌದು, ಜಾತಿ ಕಾಲಂ ಇದೆ. 07 ಅಂದರೆ ವಿಂಡೋಸ್‌ನ ಎನ್‌ಟಿಎಫ್‌ಎಸ್, 83 ಅಂದರೆ ಲಿನಕ್ಸು. ಇಷ್ಟು ಬಿಟ್ಟರೆ ಒಳಗೆ ಗೋಡೆ ಇಲ್ಲ, ಬೇಲಿ ಇಲ್ಲ, ಸರ್ವೆ ಕಲ್ಲೂ ಇಲ್ಲ. ಅದೇ ತಟ್ಟೆ, ಅದೇ ಮೋಟರು, ಓದೋಕೆ ಬರೆಯೋಕೆ ಅದೇ ಹೆಡ್ಡು.

ಪ್ರಶ್ನೆ: ಹಾಗಾದರೆ ಪತ್ರ ಹರಿದರೆ ಆಸ್ತಿ ಹೋಗುವುದಿಲ್ಲ?

ಹಾರ್ಡಿಸ್ಕ್: ಹೋಗಲ್ಲ. ಆ ಹುಡುಗ ನನ್ನನ್ನು ಮಾರೋ ಮುಂಚೆ ಎಲ್ಲ ಪಾರ್ಟಿಷನ್ ಅಳಿಸಿದೆ ಅಂತ ನಿಶ್ಚಿಂತೆಯಿಂದ ಇದ್ದ. ಅಳಿಸಿದ್ದು ಆ ಸಾಲುಗಳನ್ನು ಮಾತ್ರ. ಅವನ ಪೇಸ್ಲಿಪ್ಪು, ಬಾಡಿಗೆ ಕರಾರು, ಪಾನ್ ಕಾರ್ಡಿನ ಸ್ಕ್ಯಾನು ಎಲ್ಲ ಇದ್ದ ಜಾಗದಲ್ಲೇ ಇದ್ದವು. ಸೆಕೆಂಡ್‌ಹ್ಯಾಂಡ್ ಅಂಗಡಿಯ ಹುಡುಗ ಪುಕ್ಕಟೆ ಸಿಗೋ ಟೆಸ್ಟ್‌ಡಿಸ್ಕ್ ಓಡಿಸಿ ಎಲ್ಲ ನೋಡಿ, ಒಳ್ಳೆಯವನು, ನಕ್ಕು ಸುಮ್ಮನಾದ. ಮಾರೋರು ನನ್ನ ಇಡೀ ಮೈಗೆ ಒಂದು ಸಲ ಸೊನ್ನೆ ಬರೆದು ಕೊಡಬೇಕು. ಗಂಟೆಗಟ್ಟಲೆ ಹಿಡಿಯುತ್ತೆ ಅಂತ ಯಾರೂ ಬರೆಯಲ್ಲ.

ಪ್ರಶ್ನೆ: ಪೀಣ್ಯಕ್ಕೆ ಬಂದ ಮೇಲೆ ಮೂರು ಸಿಸ್ಟಮ್ ಯಾಕೆ? ಒಂದು ಸಾಲದೇ?

ಹಾರ್ಡಿಸ್ಕ್: ವೈಟ್‌ಫೀಲ್ಡ್‌ನಲ್ಲಿ ಅದು ಶೋಕಿ, ಇಲ್ಲಿ ಅನ್ನ. ಆ ಸಿಎನ್‌ಸಿ ನಡೆಸೋ ಸಾಫ್ಟ್‌ವೇರು ಪ್ಯಾರಲಲ್ ಪೋರ್ಟಿನಲ್ಲಿ ಮಾತಾಡುತ್ತೆ. ಅದರ ಡ್ರೈವರು 64-ಬಿಟ್ ವಿಂಡೋಸಿನಲ್ಲಿ ಕೂರಲ್ಲ. ಅದಕ್ಕೆ 32-ಬಿಟ್‌ನ ಎಕ್ಸ್‌ಪಿ ಇರಲೇಬೇಕು. ಮೈಕ್ರೋಸಾಫ್ಟ್‌ನವರು 2014ರ ಏಪ್ರಿಲ್ 8ಕ್ಕೇ ಅದರ ಕೈಬಿಟ್ಟರು. ಇಲ್ಲಿ ಇನ್ನೂ ದಿನಾ ಬೆಳಿಗ್ಗೆ ಊದುಬತ್ತಿ ಬೆಳಗ್ತಾರೆ. 2017ರಲ್ಲಿ ಜಿಎಸ್‌ಟಿ ಬಂತು, ಎಕ್ಸ್‌ಪಿಯ ಬ್ರೌಸರಿನಲ್ಲಿ ರಿಟರ್ನ್ ತುಂಬೋದು ಆಗದ ಮಾತು. ವಿಂಡೋಸ್ 10ಕ್ಕೆ ಒಂದು ಪಾಲು. ಮಾಲೀಕರ ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡ್ತಾನೆ, ಅವನು ಲಿನಕ್ಸ್‌ಸಿಎನ್‌ಸಿ ಹಾಕಿದರೆ ಮೆಷಿನ್ನೂ ಓಡುತ್ತೆ, ದುಡ್ಡೂ ಉಳಿಯುತ್ತೆ ಅಂತ ಮೂರನೇ ಪಾಲು ಮಾಡಿದ. ನಾಲ್ಕನೇದು ಫೋಟೋಗೆ. ಪಾರಿಖತ್ತಿನ ನಾಲ್ಕೂ ಸಾಲು ಭರ್ತಿ.

ಪ್ರಶ್ನೆ: ಐದನೆಯದು ಬೇಕೆಂದರೆ?

ಹಾರ್ಡಿಸ್ಕ್: ನಾಲ್ಕರಲ್ಲಿ ಒಂದನ್ನು 'ಎಕ್ಸ್‌ಟೆಂಡೆಡ್' ಅಂತ ಹೆಸರಿಟ್ಟು, ಅದರ ಹೊಟ್ಟೆಯೊಳಗೆ 'ಲಾಜಿಕಲ್' ಮರಿಗಳನ್ನು ಹಾಕ್ಕೊಂಡು ಹೋಗಬೇಕು. ನಿಮ್ಮ ಬಿಬಿಎಂಪಿಯನ್ನು 2025ರ ಸೆಪ್ಟೆಂಬರ್ 2ಕ್ಕೆ ಐದು ಪಾಲಿಕೆ ಮಾಡಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂತ ಹೊದಿಕೆ ಹೊದಿಸಿದರಲ್ಲ? ಓದಿದಾಗಲೇ ಗೊತ್ತಾಯಿತು, ಅಲ್ಲೂ ನಮ್ಮವರೇ ಯಾರೋ ಇದ್ದಾರೆ.

ಪ್ರಶ್ನೆ: ಪಾಲು ಮಾಡುವುದು ತಪ್ಪು ಅನ್ನುತ್ತೀರಾ?

ಹಾರ್ಡಿಸ್ಕ್: ನಾನೆಲ್ಲಿ ಅಂದೆ? ನನ್ನ ಹಿರೀಕರಲ್ಲಿ 1983ರ ಐಬಿಎಂ ಪಿಸಿ ಎಕ್ಸ್‌ಟಿಯ ಡಿಸ್ಕು ಬರೀ 10 ಎಂಬಿ. ಅದನ್ನೂ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗೆ ಹಂಚೋಕೆ ಅಂತಲೇ ಈ ನಾಲ್ಕು ಸಾಲಿನ ಪದ್ಧತಿ ಬಂದಿದ್ದು. ನನ್ನ ತಕರಾರು ಪತ್ರದಲ್ಲಿ ಬರೆದ ತಕ್ಷಣ ಕೆಲಸ ಮುಗೀತು ಅನ್ನೋರ ಮೇಲೆ. ಒಂದು ಮಾಡೋರೂ ಅಷ್ಟೇ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲ ಸೇರಿಸಿ ಬಿಬಿಎಂಪಿ ಅಂತ ಒಂದೇ ಪಾರ್ಟಿಷನ್ ಮಾಡಿದರು. ಈ ಪೀಣ್ಯದ ದಾಸರಹಳ್ಳಿಯೂ ಅದರಲ್ಲಿತ್ತು, ವೈಟ್‌ಫೀಲ್ಡ್‌ನ ಮಹದೇವಪುರವೂ ಇತ್ತು. ಟೇಬಲ್‌ನಲ್ಲಿ ಹೆಸರು ಬರೆಯೋಕೆ ಎಷ್ಟು ಹೊತ್ತು? ಆ 110 ಹಳ್ಳಿಗೆ ಅಂತ ಮಾಡಿದ ಕಾವೇರಿ ನೀರಿನ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್ 16ಕ್ಕೆ. ಹದಿನೇಳು ವರ್ಷ ಫಾರ್ಮ್ಯಾಟ್ ಆಗ್ತಾ ಇತ್ತು ಅಂತ ಇಟ್ಟುಕೊಳ್ಳಿ.

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿ?

ಹಾರ್ಡಿಸ್ಕ್: ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಶುರು ಮಾಡಿಸಿದ್ದು. 2013ರಿಂದ ಅದಕ್ಕೆ ತನ್ನದೇ ಕೈಗಾರಿಕಾ ನಗರ ಪ್ರಾಧಿಕಾರ. ಅದು ಪಾಲು ಅಲ್ಲ ಸಾರ್, ಬೇರೆ ಡಿಸ್ಕೇ. ಕೇಬಲ್ ಬೇರೆ, ಪವರ್ ಬೇರೆ. ಅನುಕೂಲಸ್ಥರು ಮಾಡೋದೇ ಹಾಗೆ.

ಪ್ರಶ್ನೆ: ನಿಮ್ಮೊಳಗೆ ಯಾರಿಗೆ ಒಳ್ಳೆಯ ಜಾಗ ಸಿಕ್ಕಿದೆ?

ಹಾರ್ಡಿಸ್ಕ್: ಮೊದಲು ಬಂದವರಿಗೆ. ತಟ್ಟೆಯ ಹೊರ ಸುತ್ತಿನಿಂದ ನಮ್ಮ ಲೆಕ್ಕ ಶುರು. ಹೊರ ಸುತ್ತು ದೊಡ್ಡದು, ಒಂದು ತಿರುವಿಗೆ ಹೆಚ್ಚು ಡೇಟಾ ಹೆಡ್ಡಿನ ಕೆಳಗೆ ಹಾದುಹೋಗುತ್ತೆ, ಅದಕ್ಕೇ ಅಲ್ಲಿ ವೇಗ ಹೆಚ್ಚು. ಒಳಕ್ಕೆ ಹೋದಷ್ಟೂ ನಿಧಾನ. ಔಟರ್ ರಿಂಗ್ ರೋಡು ಊರಿಗೆಲ್ಲ ವೇಗವಾದ ದಾರಿಯಾಗಿರೋದು ನನ್ನೊಳಗೆ ಮಾತ್ರ.

ಪ್ರಶ್ನೆ: ಮೂವರೂ ಹೊಂದಿಕೊಂಡು ಇದ್ದಾರೆಯೇ?

ಹಾರ್ಡಿಸ್ಕ್: ಹೊರಗಿನವರಿಗೆ ಹಾಗೇ ಕಾಣುತ್ತೆ. ಆನ್ ಮಾಡಿದರೆ ಗ್ರಬ್ ಬರುತ್ತೆ, ಹತ್ತು ಸೆಕೆಂಡ್ ಪಟ್ಟಿ ತೋರಿಸಿ ಯಾರ ಮನೆಗೆ ಹೋಗ್ತೀರಿ ಅಂತ ಕೇಳುತ್ತೆ. ಆ ಗ್ರಬ್ಬನ್ನು ನಿಲ್ಲಿಸಿದ್ದು ಲಿನಕ್ಸು. ಅದು ತನ್ನ ಜೊತೆ ಅಣ್ಣಂದಿರ ಹೆಸರನ್ನೂ ಬೋರ್ಡಿನಲ್ಲಿ ಬರೆಯುತ್ತೆ. ಅಣ್ಣ ವಿಂಡೋಸ್ ಹಾಗಲ್ಲ. ಎಕ್ಸ್‌ಪಿ ಕೆಟ್ಟಿತು ಅಂತ ಒಂದು ಸಲ ಮತ್ತೆ ಹಾಕಿದರು. ಅದು ನೇರ ಆ 446 ಬೈಟಿನ ಮೇಲೆ ತನ್ನ ಕೋಡು ಬರೆದುಕೊಂಡು ಗೇಟಿಗೆ ತನ್ನ ಬೀಗ ಜಡಿಯಿತು. ತಮ್ಮನ ಮನೆ ಒಳಗೆ ಹಾಗೇ ಇದೆ, ಹೋಗೋಕೆ ದಾರಿ ಇಲ್ಲ. ಮಗ ಭಾನುವಾರ ಬಂದು ಪೆನ್‌ಡ್ರೈವಿನಿಂದ ಬೂಟ್ ಮಾಡಿ ಗ್ರಬ್ಬನ್ನು ಮತ್ತೆ ಕೂರಿಸಿದ. ಅದಕ್ಕೇ ತಿಳಿದವರು ಮೊದಲು ವಿಂಡೋಸ್, ಕೊನೆಗೆ ಲಿನಕ್ಸ್ ಹಾಕೋದು.

ಪ್ರಶ್ನೆ: ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಬಂದು ಮಾಡುತ್ತಾರಾ?

ಹಾರ್ಡಿಸ್ಕ್: ತಮ್ಮ ಹೋಗ್ತಾನೆ, ಎನ್‌ಟಿಎಫ್‌ಎಸ್ ಓದೋಕೆ ಕಲಿತಿದ್ದಾನೆ. ಅಣ್ಣನಿಗೆ ತಮ್ಮನ ಎಕ್ಸ್‌ಟಿ4 ಮನೆ ಕಣ್ಣಿಗೇ ಬೀಳಲ್ಲ. ಬಿದ್ದರೂ ಕೇಳೋದು ಒಂದೇ ಮಾತು, 'ಫಾರ್ಮ್ಯಾಟ್ ಮಾಡಲೇ?' ಸಾಲದ್ದಕ್ಕೆ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಚಾಳಿ. ಶಟ್‌ಡೌನ್ ಅಂದರೆ ಪೂರ್ತಿ ಎದ್ದು ಹೋಗಲ್ಲ, ಚಿಲಕ ಹಾಕ್ಕೊಂಡು ಒಳಗೇ ಮಲಗಿರ್ತಾನೆ. ಆಗ ಲಿನಕ್ಸ್ ಹೋದರೆ ಕಿಟಕಿಯಿಂದ ನೋಡಬಹುದು, ಒಳಗೆ ಏನೂ ಇಡೋ ಹಾಗಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ಆಫ್ ಮಾಡಿ ಅಂತ ಮಗ ಹೇಳಿ ಹೇಳಿ ಸೋತ.

ಪ್ರಶ್ನೆ: ಗಡಿಯಾರದ ವಿಷಯದಲ್ಲಿ ಜಗಳ ಅಂತ ಕೇಳಿದ್ದೆ.

ಹಾರ್ಡಿಸ್ಕ್: ಮದರ್‌ಬೋರ್ಡಿನಲ್ಲಿ ಇರೋ ಆರ್‌ಟಿಸಿ... ಪಹಣಿ ಅಲ್ಲ ಸಾರ್, ಬರ್ಕೋಬೇಡಿ, ಗಡಿಯಾರ. ಅದರಲ್ಲಿ ವಿಂಡೋಸ್ ನಮ್ಮ ಊರಿನ ಸಮಯ ಇಡುತ್ತೆ, ಲಿನಕ್ಸ್ ಯುಟಿಸಿ ಇಡುತ್ತೆ. ನಡುವೆ ಐದೂವರೆ ಗಂಟೆ. ಲಿನಕ್ಸಿನಲ್ಲಿ ಕೆಲಸ ಮಾಡಿ ವಿಂಡೋಸಿಗೆ ಬಂದರೆ ಬೆಳಿಗ್ಗೆ ಎಂಟೂವರೆ ಶಿಫ್ಟಿಗೆ ಗಡಿಯಾರ ಮೂರು ಗಂಟೆ ತೋರಿಸುತ್ತೆ. ಒಬ್ಬ ಆಪರೇಟರ್ ಅದನ್ನೇ ಫೋಟೋ ತೆಗೆದುಕೊಂಡು ರಾತ್ರಿ ಓಟಿ ಕೇಳಿದ. ಲಿನಕ್ಸಿಗೆ 'ನೀನೂ ಇಲ್ಲಿನ ಸಮಯವನ್ನೇ ಇಡು' ಅಂತ ಒಂದು ಸಾಲಿನ ಆದೇಶ ಕೊಟ್ಟರೆ ಮುಗೀತು. ಹೊಂದಿಕೊಳ್ಳೋದು ಇಲ್ಲೂ ತಮ್ಮನೇ.

ಪ್ರಶ್ನೆ: ಈಗ ವೈಟ್‌ಫೀಲ್ಡ್‌ನಲ್ಲಿ ನಿಮ್ಮ ಥರ ಪಾಲು ಮಾಡುವವರು ಇದ್ದಾರೆಯೇ?

ಹಾರ್ಡಿಸ್ಕ್: ಕಡಿಮೆ. ಈಗ ವರ್ಚುವಲ್ ಮೆಷಿನ್ ಕಾಲ. ಜಮೀನು ಹಂಚೋ ಬದಲು ಮನೆ ಮೇಲೆ ಮನೆ ಎಬ್ಬಿಸಿ ಪಿಜಿ ಮಾಡ್ತಾರಲ್ಲ, ಅದು. ವಿಂಡೋಸ್ ಒಳಗೇ ಲಿನಕ್ಸ್ ಪೇಯಿಂಗ್ ಗೆಸ್ಟು. ಬೂಟ್ ಮಾಡಿ ಮಾಡಿ ಓಡಾಡೋ ರಗಳೆ ಇಲ್ಲ, ಬೇಡ ಅಂದರೆ ಒಂದು ಫೈಲ್ ಅಳಿಸಿದರೆ ರೂಮ್ ಖಾಲಿ. ಆದರೆ ಆ ಪಿಜಿಯಲ್ಲಿ ಕೂತು ನಮ್ಮ ಸಿಎನ್‌ಸಿ ಓಡಿಸೋಕಾಗಲ್ಲ. ಮೆಷಿನ್ನಿಗೆ ಕ್ಷಣಕ್ಷಣಕ್ಕೂ ಲೆಕ್ಕ ತಪ್ಪದೆ ಸಿಗ್ನಲ್ ಬೇಕು, ಅದಕ್ಕೆ ಸ್ವಂತ ಮನೆಯೇ ಆಗಬೇಕು. ಇನ್ನು ಕಂಪನಿ ಲ್ಯಾಪ್‌ಟಾಪ್ ವಿಷಯ ಬಿಡಿ, ಬೂಟ್ ಕಡೆ ಕೈ ಹಾಕಿದರೆ ಬಿಟ್‌ಲಾಕರ್ ಎದ್ದು 48 ಅಂಕಿಯ ಕೀ ಕೇಳುತ್ತೆ. ಅದು ಇರೋದು ಐಟಿ ವಿಭಾಗದವರ ಹತ್ರ.

ಪ್ರಶ್ನೆ: ಹೊಸ ಡಿಸ್ಕ್‌ಗಳಿಗೂ ನಾಲ್ಕೇ ಸಾಲೇ?

ಹಾರ್ಡಿಸ್ಕ್: ಇಲ್ಲ, ಅವರದು ಜಿಪಿಟಿ ಪದ್ಧತಿ. ಸಾಮಾನ್ಯವಾಗಿ 128 ಪಾಲಿಗೆ ಜಾಗ, ಎರಡು ಟಿಬಿಯ ಮಿತಿಯೂ ಇಲ್ಲ. ಮುಖ್ಯ, ಪಾರಿಖತ್ತಿನ ನಕಲು ಡಿಸ್ಕಿನ ಕೊನೆಯಲ್ಲಿ ಇನ್ನೊಂದಿರುತ್ತೆ. ನನ್ನಲ್ಲಿ ಮೂಲ ಪ್ರತಿ ಒಂದೇ. ಹೋದರೆ ಹೋಯಿತು.

ಪ್ರಶ್ನೆ: ಮುಂದೇನು? ವಿಂಡೋಸ್ 10 ಕೂಡ ನಿಂತಿತಲ್ಲ.

ಹಾರ್ಡಿಸ್ಕ್: 2025ರ ಅಕ್ಟೋಬರ್ 14ಕ್ಕೆ. ಹನ್ನೊಂದಕ್ಕೆ ಟಿಪಿಎಂ 2.0 ಬೇಕಂತೆ, ಈ ಮದರ್‌ಬೋರ್ಡಿನಲ್ಲಿ ಇಲ್ಲ. ಮಗ ಹೇಳ್ತಾನೆ, ಹತ್ತರ ಪಾಲನ್ನು ಕುಗ್ಗಿಸಿ ಲಿನಕ್ಸಿಗೆ ಜಾಗ ಕೊಡೋಣ ಅಂತ. ನನಗೆ ಎದೆ ನಡುಗೋದು ಈಗಲೇ. ಪಾಲಿನ ಕೊನೆ ಹಿಂದಕ್ಕೆ ಸರಿಸೋದು ಸುಲಭ. ಶುರುವಿನ ಗಡಿ ಸರಿಸಬೇಕಂದರೆ ಒಳಗಿನ ಅಷ್ಟೂ ಡೇಟಾ ಹೊತ್ತು ಸಾಗಿಸಬೇಕು, ಗಂಟೆಗಟ್ಟಲೆ ಕೆಲಸ. ನಡುವೆ ಕರೆಂಟ್ ಹೋದರೆ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಈ ಕಂಪ್ಯೂಟರಿನ ಯುಪಿಎಸ್ ಬ್ಯಾಟರಿ ಸತ್ತು ಬಹಳ ಕಾಲ ಆಯಿತು.

ಪ್ರಶ್ನೆ: ಫೋಟೋಗಳಾದರೂ ಬೇರೆ ಪಾಲಿನಲ್ಲಿ ಸುರಕ್ಷಿತವಾಗಿವೆಯಲ್ಲ?

ಹಾರ್ಡಿಸ್ಕ್: ನೀವೂ ಅದನ್ನೇ ಅಂದಿರಾ! ಈ ಊರಿನಲ್ಲಿ ಅರ್ಧ ಜನ 'ಡಿ ಡ್ರೈವ್‌ನಲ್ಲಿ ಬ್ಯಾಕಪ್ ಇಟ್ಟಿದ್ದೀನಿ' ಅನ್ನೋರೇ. ವೈರಸ್ ಬಂದು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತೆ, ನಿಜ. ನನ್ನ ಮೋಟರ್ ನಿಂತರೆ? ಆಗಲೇ ಹೇಳಿದೆ, ಗೋಡೆ ಇಲ್ಲ. ಸಿ, ಡಿ, ಇ ಎಲ್ಲ ಒಟ್ಟಿಗೇ. ನಾನು 2010ರವನು ಸಾರ್. ಈಚೆಗೆ ಕಟಕಟ ಶುರುವಾಗಿದೆ, ಕೂಲಂಟ್ ಪಂಪಿನ ಗಲಾಟೆಯಲ್ಲಿ ಇವರ ಕಿವಿಗೆ ಬಿದ್ದಿಲ್ಲ. ಮಗಳ ಮದುವೆ ಫೋಟೋ ಅಷ್ಟೂ ನನ್ನ ನಾಲ್ಕನೇ ಪಾಲಿನಲ್ಲಿವೆ, ಬೇರೆಲ್ಲೂ ಇಲ್ಲ. ಗಡಿ ಸರಿಸೋದು ಆಮೇಲೆ ಆಗಲಿ, ಮೊದಲು ಹೊರಗಿನ ಒಂದು ಡಿಸ್ಕ್ ತಂದು ಕಾಪಿ ಮಾಡಿಕೊಳ್ಳಿ ಅಂತ ಮಾಲೀಕರಿಗೆ ಒಂದು ಮಾತು ಹೇಳಿ ಹೋಗಿ.